ಡಾಮಿನನ್ಸ್ ಚಾರ್ಟ್ ತೋರಿಸುವವರಿಗೆ ಒಂದು ಬಹಿರಂಗ ಪತ್ರ

ಕನ್ನಡದಲ್ಲಿ ಕ್ರಿಪ್ಟೊ ಹೇಳಿಕೊಡುವ ಯೂಟ್ಯೂಬ್, ಟೆಲಿಗ್ರಾಂ, ಇನ್‌ಸ್ಟಾಗ್ರಾಂ ಚಾನೆಲ್‌ಗಳ ಎಲ್ಲರಿಗೂ,

ಮಾನ್ಯರೇ,

ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿಕೊಡುವ ಕೆಲಸ ಮಾಡುತ್ತೇನೆ. ಗಾಂಧಿ ಬಜಾರ್ ಹತ್ತಿರ ಮೊದಲ ಮಹಡಿಯಲ್ಲಿ ಸಣ್ಣದೊಂದು ಆಫೀಸಿದೆ. ಅಡಿಕೆ ಮಂಡಿಯವರು, ಮೇಷ್ಟ್ರುಗಳು, ಬಟ್ಟೆ ಅಂಗಡಿಯವರು, ಪೆನ್ಷನ್ ಬರುವವರು ನನ್ನ ಗಿರಾಕಿಗಳು. ನಾಲ್ಕೈದು ವರ್ಷದಿಂದ ಇನ್ನೊಂದು ಗುಂಪು ಸೇರಿಕೊಂಡಿದೆ. ಇಪ್ಪತ್ತೈದು, ಮೂವತ್ತರ ಹುಡುಗರು. ಕೈಯಲ್ಲಿ ಫೈಲ್ ಇರುವುದಿಲ್ಲ, ಮೊಬೈಲ್ ಇರುತ್ತದೆ. ಕುರ್ಚಿಯಲ್ಲಿ ಕೂತು, ಹಿಂದೆ ಯಾರಾದರೂ ಇದ್ದಾರಾ ಅಂತ ನೋಡಿ, ದನಿ ತಗ್ಗಿಸಿ "ಸಾರ್, ಸ್ವಲ್ಪ ಕ್ರಿಪ್ಟೊ ಇದೆ" ಅನ್ನುತ್ತಾರೆ.

ಈ ಪತ್ರ ಅವರಲ್ಲೊಬ್ಬನ ಲೆಕ್ಕದಿಂದ ಹುಟ್ಟಿದ್ದು. ಅವನ ಹೆಸರು, ಊರು ಬೇಡ. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಕಷ್ಟಪಟ್ಟು ದುಡಿಯುವ ಹುಡುಗ. ಅವನು ನೋಡಿದ ಚಾನೆಲ್ ಯಾವುದು ಅಂತಲೂ ಹೇಳುವುದಿಲ್ಲ. ಒಂದೇ ಚಾನೆಲ್‌ನ ತಪ್ಪಾಗಿದ್ದರೆ ಅವರಿಗೇ ಒಂದು ಮೆಸೇಜ್ ಹಾಕಿ ಸುಮ್ಮನಾಗುತ್ತಿದ್ದೆ.

2023ರ ಶುರುವಿನಲ್ಲಿ, ಒಂದು ಬಿಟ್‌ಕಾಯಿನ್‌ಗೆ ಸುಮಾರು 20 ಲಕ್ಷ ರೂಪಾಯಿ ಇದ್ದಾಗ, ಈ ಹುಡುಗ 3 ಲಕ್ಷ ಹಾಕಿದ. 0.15 ಬಿಟ್‌ಕಾಯಿನ್ ಬಂತು. ಆಮೇಲೆ ಅಂಗಡಿ ಕೆಲಸದಲ್ಲಿ ಅದನ್ನು ಮರೆತೇಬಿಟ್ಟ. ಮರೆತದ್ದೇ ಅವನು ಮಾಡಿದ ಒಳ್ಳೆಯ ಕೆಲಸ. 2025ರ ಆಗಸ್ಟ್ ಹೊತ್ತಿಗೆ ಒಂದು ಬಿಟ್‌ಕಾಯಿನ್ ಬೆಲೆ ಕೋಟಿ ರೂಪಾಯಿ ಆಸುಪಾಸಿಗೆ ಬಂದಿತ್ತು. ಅವನ 3 ಲಕ್ಷ 15 ಲಕ್ಷವಾಗಿತ್ತು.

ಆಗ ನಿಮ್ಮಲ್ಲಿ ಯಾರದೋ ವಿಡಿಯೊ ಅವನ ಕಣ್ಣಿಗೆ ಬಿತ್ತು. ಅದನ್ನು ನನಗೂ ತೋರಿಸಿದ. ಥಂಬ್‌ನೇಲ್‌ನಲ್ಲಿ ಕೆಂಪು ಬಾಣ ಕೆಳಕ್ಕೆ, ಹಸಿರು ಬಾಣ ಮೇಲಕ್ಕೆ, ನಡುವೆ ಬಾಯಿ ಬಿಟ್ಟುಕೊಂಡ ಮುಖ. ಒಳಗೆ ಹೇಳಿದ್ದು ಇಷ್ಟು: ಜೂನ್‌ನಲ್ಲಿ 65 ಪರ್ಸೆಂಟ್ ದಾಟಿದ್ದ ಬಿಟ್‌ಕಾಯಿನ್ ಡಾಮಿನನ್ಸ್ (ಒಟ್ಟು ಕ್ರಿಪ್ಟೊ ಬೆಲೆಯಲ್ಲಿ ಬಿಟ್‌ಕಾಯಿನ್‌ನ ಪಾಲು) ಈಗ 60ರ ಕೆಳಗಿಳಿದಿದೆ. 2017ರಲ್ಲೂ ಹೀಗೇ ಆಯ್ತು, 2021ರಲ್ಲೂ ಹೀಗೇ ಆಯ್ತು. ಆಲ್ಟ್ ಸೀಸನ್, ಅಂದರೆ ಬಿಟ್‌ಕಾಯಿನ್ ಬಿಟ್ಟು ಉಳಿದ ಆಲ್ಟ್‌ಕಾಯಿನ್‌ಗಳು ಏರುವ ಕಾಲ, ಬಾಗಿಲಿಗೆ ಬಂದಿದೆ. ಬಿಟ್‌ಕಾಯಿನ್ ಇಟ್ಟುಕೊಂಡು ಕೂತವನಿಗೆ ಡಬಲ್, ಆಲ್ಟ್‌ಕಾಯಿನ್‌ಗೆ ಬಂದವನಿಗೆ ಇಪ್ಪತ್ತು ಪಟ್ಟು. ಡಿಸ್ಕ್ರಿಪ್ಷನ್‌ನಲ್ಲಿ, ಕ್ರಿಪ್ಟೊ ಕೊಂಡು ಮಾರುವ ಎಕ್ಸ್‌ಚೇಂಜ್ ಒಂದಕ್ಕೆ ಜನರನ್ನು ಸೇರಿಸುವ ರೆಫರಲ್ ಲಿಂಕ್.

ಹುಡುಗ ಇದ್ದದ್ದನ್ನೆಲ್ಲ ನಾಲ್ಕು ಆಲ್ಟ್‌ಕಾಯಿನ್‌ಗೆ ಸ್ವಾಪ್ ಮಾಡಿದ, ಅಂದರೆ ಅದಲಿಬದಲಿ ಮಾಡಿಕೊಂಡ. ಅದರಲ್ಲಿ ಎರಡು ಮೀಮ್ ಕಾಯಿನ್, ತಮಾಷೆಗೆ, ಹೆಸರಿನ ಬಲದ ಮೇಲೆ ಓಡುವಂಥವು. ಒಂದು ತಿಂಗಳು ಚೆನ್ನಾಗಿಯೇ ನಡೆಯಿತು. ಅಕ್ಟೋಬರ್ 10ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಚೀನಾದ ಸರಕಿನ ಮೇಲೆ ಇನ್ನೂ 100 ಪರ್ಸೆಂಟ್ ಸುಂಕ ಅಂದರು. ನಮ್ಮಲ್ಲಿ ಅದು 11ನೇ ತಾರೀಕು ಶನಿವಾರದ ನಸುಕು. ಸಾಲ ಮಾಡಿ ಆಡುತ್ತಿದ್ದವರ ಸುಮಾರು 19 ಬಿಲಿಯನ್ ಡಾಲರ್ ಲೆಕ್ಕದ ವ್ಯವಹಾರಗಳು ಒಂದೇ ದಿನದಲ್ಲಿ ತಾವಾಗಿಯೇ ಮುಚ್ಚಿಹೋದವು. ಬಿಟ್‌ಕಾಯಿನ್ ಕೂಡ ಬಿತ್ತು, ನಿಜ. ಆದರೆ ಸಣ್ಣ ಕಾಯಿನ್‌ಗಳು ಬಿದ್ದ ಪರಿಯೇ ಬೇರೆ. ಹುಡುಗ ಎದ್ದು ಹಲ್ಲುಜ್ಜುವ ಮೊದಲೇ ಆಟ ಮುಗಿದಿತ್ತು.

2026ರ ಮಾರ್ಚ್‌ನಲ್ಲಿ ಅವನು ನನ್ನ ಹತ್ತಿರ ಬಂದಾಗ ನಾಲ್ಕೂ ಕಾಯಿನ್ ಸೇರಿ 4,60,000 ರೂಪಾಯಿ ಉಳಿದಿತ್ತು. "ಲಾಸ್ ಆಗಿದೆ ಸಾರ್, ಇದನ್ನ ತೋರಿಸಿದ್ರೆ ಏನಾದ್ರೂ ರೀಫಂಡ್ ಬರುತ್ತಾ?" ಅಂದ.

ಇಲ್ಲಿ ದಯವಿಟ್ಟು ವಿಡಿಯೊ ಎಡಿಟ್ ಮಾಡುವುದು ನಿಲ್ಲಿಸಿ ಸ್ವಲ್ಪ ಕೇಳಿಸಿಕೊಳ್ಳಿ. 2022ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಕ್ರಿಪ್ಟೊ ಲಾಭಕ್ಕೆ 30 ಪರ್ಸೆಂಟ್ ತೆರಿಗೆ ಇದೆ. ಅದರ ಮೇಲೆ 4 ಪರ್ಸೆಂಟ್ ಸೆಸ್. ಒಂದು ಕಾಯಿನ್ ಕೊಟ್ಟು ಇನ್ನೊಂದು ತೆಗೆದುಕೊಂಡರೂ ಅದು ಮಾರಾಟವೇ. ರೂಪಾಯಿ ಕೈಗೆ ಬರಬೇಕು ಅಂತಿಲ್ಲ. ಒಂದು ಕಾಯಿನ್‌ನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ. ಶೇರು ಮಾರುಕಟ್ಟೆಯಲ್ಲಿ ಇರುವ ಈ ಸೌಲಭ್ಯ ಇಲ್ಲಿಲ್ಲ.

ಅವನ ಎದುರೇ ಕಾಗದದ ಮೇಲೆ ಬರೆದೆ. ಬಿಟ್‌ಕಾಯಿನ್ ಕೊಟ್ಟಾಗ ಬೆಲೆ 15 ಲಕ್ಷ. ಕೊಂಡದ್ದು 3 ಲಕ್ಷ. ಲಾಭ 12 ಲಕ್ಷ. ಅದಕ್ಕೆ 30 ಪರ್ಸೆಂಟ್ ಅಂದರೆ 3,60,000. ಸೆಸ್ 14,400. ಒಟ್ಟು 3,74,400. ಸ್ವಾಪ್ ಮಾಡುವಾಗ ಒಂದು ಪರ್ಸೆಂಟ್ ಟಿಡಿಎಸ್ ಅಂತ 15,000 ಮುರಿದಿದ್ದರು. ಹುಡುಗ ಆ 15,000ವನ್ನೇ ಪೂರ್ತಿ ತೆರಿಗೆ ಅಂದುಕೊಂಡಿದ್ದ! ಅದನ್ನು ಕಳೆದರೆ ಕಟ್ಟಬೇಕಾದ್ದು 3,59,400. ಮುಂಗಡ ತೆರಿಗೆ ಹೊತ್ತಿಗೆ ಸರಿಯಾಗಿ ಕಟ್ಟದ್ದಕ್ಕೆ ಬಡ್ಡಿ ಬೇರೆ. ಇದ್ದ ನಾಲ್ಕೂ ಕಾಯಿನ್ ಮಾರಿ ತೆರಿಗೆ ಕಟ್ಟಿದರೆ ಉಳಿಯುವುದು ಸುಮಾರು ಒಂದು ಲಕ್ಷ.

15 ಲಕ್ಷ ಇದ್ದವನು ಒಂದು ಲಕ್ಷಕ್ಕೆ ಬಂದ. ಹಾಕಿದ 3 ಲಕ್ಷವೂ ಹುಟ್ಟಲಿಲ್ಲ. ಅವನು ಆ ಕಾಗದವನ್ನು ತಿರುಗಿಸಿ ಹಿಂದೆ ಇನ್ನೇನಾದರೂ ಬರೆದಿದ್ದೇನಾ ಅಂತ ನೋಡಿದ.

ಇನ್ನೊಂದು ಮಾತು. ಏನೂ ಮಾಡದೆ ಬಿಟ್‌ಕಾಯಿನ್ ಹಾಗೇ ಇಟ್ಟಿದ್ದರೆ? ನವೆಂಬರ್‌ನಲ್ಲಿ ಅದೂ 90,000 ಡಾಲರ್ ಕೆಳಗೆ ಬಂತು. ಅವನ 15 ಲಕ್ಷ ಕರಗುತ್ತಿತ್ತು, ಒಪ್ಪುತ್ತೇನೆ. ಆದರೆ ಮಾರದೆ ಇದ್ದವನಿಗೆ ಆ ವರ್ಷ ಒಂದು ರೂಪಾಯಿ ತೆರಿಗೆಯೂ ಬರುತ್ತಿರಲಿಲ್ಲ. ಈ ಕಾನೂನು ಸರಿಯೋ ತಪ್ಪೋ ಎಂಬ ಜಗಳ ನನಗೂ ಇದೆ. ಅದು ದೆಹಲಿಯ ಜೊತೆ, ಅದಕ್ಕೆ ಬೇರೆ ಪತ್ರ ಬರೆಯುತ್ತೇನೆ. ನಿಮ್ಮ ಜೊತೆ ಇರುವ ತಕರಾರು ಆ ಡಾಮಿನನ್ಸ್ ಚಾರ್ಟ್‌ನದು.

ಡಾಮಿನನ್ಸ್ ಅಂದರೇನು ಅಂತ ನಿಮಗೆ ಹೇಳಬೇಕಿಲ್ಲ. ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಎಲ್ಲ ಕಾಯಿನ್‌ಗಳ ಒಟ್ಟು ಬೆಲೆಯಲ್ಲಿ ಒಂದು ಕಾಯಿನ್‌ನ ಪಾಲು ಎಷ್ಟು ಎಂಬ ಲೆಕ್ಕ ಅದು. ಒಟ್ಟು ಬೆಲೆ ಹೇಗೆ ಬರುತ್ತದೆ? ಕೊನೆಯ ವ್ಯಾಪಾರ ಯಾವ ಬೆಲೆಗೆ ಆಯಿತೋ ಆ ಬೆಲೆಯನ್ನು ಚಲಾವಣೆಯಲ್ಲಿರುವ ಎಲ್ಲ ಕಾಯಿನ್‌ಗಳಿಗೂ ಗುಣಿಸಿಬಿಡುತ್ತಾರೆ.

ನಮ್ಮೂರ ಭಾಷೆಯಲ್ಲಿ ಹೇಳಬೇಕಾದರೆ ಇದು ಲೇಔಟ್ ಲೆಕ್ಕ. ಊರಾಚೆ ಒಬ್ಬ ಸಾವಿರ ಸೈಟಿನ ಲೇಔಟ್ ಮಾಡುತ್ತಾನೆ. ಒಂದು ಸೈಟನ್ನು ತನ್ನ ಭಾಮೈದನಿಗೆ 50 ಲಕ್ಷಕ್ಕೆ ಬರೆದುಕೊಡುತ್ತಾನೆ. ಆಮೇಲೆ ಬೋರ್ಡ್ ಹಾಕುತ್ತಾನೆ: ಈ ಲೇಔಟಿನ ಬೆಲೆ 500 ಕೋಟಿ. ಉಳಿದ 999 ಸೈಟಿಗೆ ಗಿರಾಕಿ ಇದ್ದಾನೋ ಇಲ್ಲವೋ ಯಾರೂ ಕೇಳುವುದಿಲ್ಲ. ಆದರೆ ಊರಿನ ಒಟ್ಟು ಜಾಗದ ಬೆಲೆಯಲ್ಲಿ 500 ಕೋಟಿ ಸೇರಿಬಿಟ್ಟಿತು. ದುರ್ಗಿಗುಡಿಯ ಹಳೇ ಮನೆಗಳ 'ಪಾಲು' ಇಳಿಯಿತು. ಅಲ್ಲಿಂದ ಯಾರೂ ಖಾಲಿ ಮಾಡಿ ಹೋಗಿಲ್ಲ, ಒಂದು ಹೆಂಚೂ ಬಿದ್ದಿಲ್ಲ. ಈಗ ಹೇಳಿ, ದುರ್ಗಿಗುಡಿಯ ಮನೆ ಮಾರಿ ಆ ಲೇಔಟಿಗೆ ಹೋಗಿ ಅಂತ ಯಾರಿಗಾದರೂ ಬುದ್ಧಿ ಹೇಳುತ್ತೀರಾ?

ಇದು ಬರೀ ಕತೆಯಲ್ಲ. 2025ರ ಜನವರಿಯಲ್ಲಿ ಟ್ರಂಪ್ ಹೆಸರಿನ ಮೀಮ್ ಕಾಯಿನ್ ಬಂತಲ್ಲ, ಅದರ 100 ಕೋಟಿ ಕಾಯಿನ್‌ಗಳಲ್ಲಿ ಹೊರಗೆ ಬಿಟ್ಟದ್ದು 20 ಕೋಟಿ. ಉಳಿದ 80 ಕೋಟಿ ಅದನ್ನು ಮಾಡಿದ ಕಂಪನಿಗಳ ಕೈಯಲ್ಲೇ ಇತ್ತು. ಆ ವಾರ ಎಷ್ಟೋ ಜನ ಒಟ್ಟು ಬೆಲೆ ಅಂತ ಹೇಳಿಕೊಂಡು ತಿರುಗಿದ್ದು 100 ಕೋಟಿಯನ್ನೂ ಗುಣಿಸಿದ ಲೆಕ್ಕವನ್ನು.

ಇತಿಹಾಸ ನೋಡಿ ಅನ್ನುತ್ತೀರಿ. ನೋಡೋಣ. 2013ರ ಏಪ್ರಿಲ್ ಹೊತ್ತಿಗೆ ಬಿಟ್‌ಕಾಯಿನ್ ಪಾಲು 90 ಪರ್ಸೆಂಟ್‌ಗಿಂತ ಜಾಸ್ತಿ ಇತ್ತು. ಬೇರೆ ಕಾಯಿನ್‌ಗಳೇ ಬೆರಳೆಣಿಕೆಯಷ್ಟು, ಹಾಗಾಗಿ ಅದರಲ್ಲೇನೂ ಆಶ್ಚರ್ಯವಿಲ್ಲ. 2015ರ ಜುಲೈನಲ್ಲಿ ಇಥೀರಿಯಂ ಎಂಬ ಇನ್ನೊಂದು ಕಾಯಿನ್ ಶುರುವಾಯಿತು. 2017ರ ಮೊದಲಲ್ಲಿ 85ರ ಮೇಲಿದ್ದ ಬಿಟ್‌ಕಾಯಿನ್ ಪಾಲು ಜೂನ್‌ಗೆ 40ರ ಆಸುಪಾಸಿಗೆ ಬಂತು. ಆಗ ಇಥೀರಿಯಂ ಪಾಲು 30 ದಾಟಿತ್ತು. ಇನ್ನೇನು ಅದೇ ಮೊದಲ ಸ್ಥಾನಕ್ಕೆ ಬರುತ್ತದೆ ಅಂತ ಎಲ್ಲರೂ ಹೇಳಿದರು. ಇದಕ್ಕೆ 'ಫ್ಲಿಪ್ಪೆನಿಂಗ್' ಅಂತ ಹೆಸರೂ ಇಟ್ಟರು. ಬರಲಿಲ್ಲ. ಡಿಸೆಂಬರ್‌ನಲ್ಲಿ ಬಿಟ್‌ಕಾಯಿನ್ ಮತ್ತೆ 60 ದಾಟಿತು, ಜನವರಿಯಲ್ಲಿ 33ರ ಹತ್ತಿರ ಬಿತ್ತು. 2019ರ ಸೆಪ್ಟೆಂಬರ್‌ಗೆ 70. 2021ರ ಮೇನಲ್ಲಿ 40. 2025ರ ಜೂನ್‌ನಲ್ಲಿ ಮತ್ತೆ 65.

ಬಿಟ್‌ಕಾಯಿನ್ ಪಾಲು ಇಳಿದಾಗಲೆಲ್ಲ ಯಾರೋ ದುಡ್ಡು ಮಾಡಿದ್ದು ನಿಜ. ಆದರೆ ಆ ಪಾಲು ಯಾರಿಗೆ ಹೋಯಿತು, ಅವರ ಹತ್ತಿರ ಎಷ್ಟು ದಿನ ಉಳಿಯಿತು ಎಂಬುದನ್ನು ನಿಮ್ಮ ಗೆರೆ ತೋರಿಸುವುದಿಲ್ಲ. 2018ರ ಜನವರಿಯ ಮೊದಲ ಹತ್ತರ ಪಟ್ಟಿಯಲ್ಲಿ ನೆಮ್ ಇತ್ತು, ಐಯೋಟಾ ಇತ್ತು. ಈಗಿನ ಹುಡುಗರಿಗೆ ಆ ಹೆಸರೇ ಗೊತ್ತಿಲ್ಲ. 2021ರ ಮೇನಲ್ಲಿ ಇಂಟರ್ನೆಟ್ ಕಂಪ್ಯೂಟರ್ ಎಂಬ ಕಾಯಿನ್ ಮಾರುಕಟ್ಟೆಗೆ ಬಂದ ದಿನವೇ ಮೊದಲ ಹತ್ತಕ್ಕೆ ಹಾರಿತು. ಎರಡು ತಿಂಗಳೊಳಗೆ ಬೆಲೆ ಹತ್ತರಲ್ಲಿ ಒಂದು ಭಾಗಕ್ಕಿಂತ ಕೆಳಗೆ ಹೋಯಿತು. 2022ರ ಏಪ್ರಿಲ್‌ನಲ್ಲಿ ಲೂನಾ ಸುಮಾರು 119 ಡಾಲರ್. ಅದೂ ಮೊದಲ ಹತ್ತರಲ್ಲಿದ್ದದ್ದೇ. ಮೇ ಮಧ್ಯದ ಹೊತ್ತಿಗೆ ಒಂದು ಸೆಂಟ್ ಕೂಡ ಇರಲಿಲ್ಲ. ಸೊಲಾನಾ 2022ರ ಕೊನೆಗೆ 10 ಡಾಲರ್ ಕೆಳಗೆ ಬಿದ್ದು, 2025ರ ಜನವರಿಯಲ್ಲಿ 290ರ ಹತ್ತಿರ ಎದ್ದು ಬಂತು. ಅದನ್ನೂ ಹೇಳಬೇಕು. ಆದರೆ ನೀವು ಹೇಳುವುದು ಸೊಲಾನಾ ಕತೆ ಮಾತ್ರ.

ಎರಡನೇ ಸ್ಥಾನದ ಇಥೀರಿಯಂ ಕತೆಯನ್ನೂ ಕೇಳಿ. 2021ರ ಕೊನೆಗೆ ಒಂದು ಬಿಟ್‌ಕಾಯಿನ್ ಕೊಟ್ಟರೆ ಸುಮಾರು 12 ಈಥರ್ (ಇಥೀರಿಯಂನ ಕಾಯಿನ್) ಬರುತ್ತಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ, ಕಂಪ್ಯೂಟರ್‌ಗಳನ್ನು ಓಡಿಸಿ ಕಾಯಿನ್ ಹುಟ್ಟಿಸುವ ಮೈನಿಂಗನ್ನೇ ಬಿಟ್ಟು, ವಿದ್ಯುತ್ ಖರ್ಚನ್ನು ಹೆಚ್ಚುಕಡಿಮೆ ಪೂರಾ ಇಳಿಸಿತು. ಅಷ್ಟು ದೊಡ್ಡ ಕೆಲಸ ಮಾಡಿದ ಮೇಲೂ 2025ರ ಏಪ್ರಿಲ್‌ಗೆ ಒಂದು ಬಿಟ್‌ಕಾಯಿನ್‌ಗೆ 50ಕ್ಕಿಂತ ಜಾಸ್ತಿ ಈಥರ್ ಬರುವ ಹಾಗಾಯಿತು. ತಂತ್ರಜ್ಞಾನ ಚೆನ್ನಾಗಿದ್ದರೆ ಪಾಲು ಏರುತ್ತದೆ ಎಂಬ ಪಾಠವೂ ಇಲ್ಲಿ ನಡೆಯಲಿಲ್ಲ.

ನಾನು ದೊಡ್ಡ ಜಾಣ ಅಂತ ಇದನ್ನೆಲ್ಲ ಬರೆಯುತ್ತಿಲ್ಲ. 2018ರ ಜನವರಿ ಮೊದಲ ವಾರ ಎಕ್ಸ್‌ಆರ್‌ಪಿ ಇಥೀರಿಯಂ ಅನ್ನು ಹಿಂದೆ ಹಾಕಿ ಎರಡನೇ ಸ್ಥಾನಕ್ಕೆ ಬಂದಿತ್ತು. 'ಇದು ಬ್ಯಾಂಕ್‌ಗಳ ಕಾಯಿನ್' ಅಂತ ಯಾರೋ ಹೇಳಿದ್ದನ್ನು ನಂಬಿ ನಾನೂ ಕೊಂಡೆ. ಒಂದಕ್ಕೆ ಹತ್ತಿರಹತ್ತಿರ 200 ರೂಪಾಯಿ. ಏಪ್ರಿಲ್ 6ಕ್ಕೆ ರಿಸರ್ವ್ ಬ್ಯಾಂಕ್ ಸುತ್ತೋಲೆ ಬಂತು, ಮೂರು ತಿಂಗಳೊಳಗೆ ಕ್ರಿಪ್ಟೊದವರ ಸಂಬಂಧ ಕಡಿದುಕೊಳ್ಳಿ ಅಂತ ಬ್ಯಾಂಕ್‌ಗಳಿಗೆ. ಗಾಬರಿಯಲ್ಲಿ ಸಿಕ್ಕಿದ ಬೆಲೆಗೆ ಮಾರಿದೆ. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು, ಅಷ್ಟೊತ್ತಿಗೆ ನಾನು ಮಾರಿ ಎರಡು ವರ್ಷ ಆಗುತ್ತ ಬಂದಿತ್ತು. ಎಕ್ಸ್‌ಆರ್‌ಪಿ ಮತ್ತೆ 3 ಡಾಲರ್ ಮುಟ್ಟಿದ್ದು 2025ರ ಜನವರಿಯಲ್ಲಿ. ಏಳು ವರ್ಷ! ನನ್ನ ಹೆಂಡತಿ ಈಗಲೂ ಚಿನ್ನದ ರೇಟು ಬಂದ ದಿನ ಪೇಪರನ್ನು ನನ್ನ ಮುಂದೆ ಇಟ್ಟು ಹೋಗುತ್ತಾಳೆ, ಮಾತಾಡುವುದಿಲ್ಲ.

ಇನ್ನು 2017ರ ಗೆರೆಯನ್ನೂ 2025ರ ಗೆರೆಯನ್ನೂ ಒಂದರ ಮೇಲೊಂದು ಇಟ್ಟು 'ನೋಡಿ, ಒಂದೇ ಥರ' ಅನ್ನುತ್ತೀರಲ್ಲ, ಅದು. ಟೆದರ್‌ನಂಥ, ಬೆಲೆ ಒಂದು ಡಾಲರ್ ಆಸುಪಾಸಿನಲ್ಲೇ ಇರುವಂತೆ ಮಾಡಿದ ಡಾಲರ್ ಕಾಯಿನ್‌ಗಳೂ ಒಟ್ಟು ಲೆಕ್ಕದ ಒಳಗೇ ಇವೆ. 2017ರ ಮೊದಲರ್ಧದಲ್ಲಿ ಅವು ಲೆಕ್ಕಕ್ಕೇ ಇರಲಿಲ್ಲ. 2025ರ ಮಧ್ಯದ ಹೊತ್ತಿಗೆ ಟೆದರ್ ಒಂದೇ 150 ಬಿಲಿಯನ್ ಡಾಲರ್ ದಾಟಿತ್ತು. ಜನ ಹೆದರಿ ಬಿಟ್‌ಕಾಯಿನ್ ಮಾರಿ ಟೆದರ್ ಹಿಡಿದುಕೊಂಡು ಕೂತರೂ ಬಿಟ್‌ಕಾಯಿನ್ ಡಾಮಿನನ್ಸ್ ಇಳಿಯುತ್ತದೆ. ಅದನ್ನು ಆಲ್ಟ್ ಸೀಸನ್ ಅನ್ನಲು ಬರುತ್ತದಾ? ಮಳೆಗೆ ಹೆದರಿ ಜನ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಜಾತ್ರೆ ಸೇರಿದೆ ಅಂದ ಹಾಗಾಯಿತು.

ನಿಮ್ಮ ಇನ್ನೊಂದು ಮಾತು, ಹಣ ಮೊದಲು ಬಿಟ್‌ಕಾಯಿನ್‌ಗೆ ಬರುತ್ತದೆ, ಅಲ್ಲಿಂದ ಈಥರ್‌ಗೆ, ಅಲ್ಲಿಂದ ಸಣ್ಣ ಕಾಯಿನ್‌ಗಳಿಗೆ ಇಳಿಯುತ್ತದೆ ಅನ್ನುವುದು. ಮೇಲಿನ ಗದ್ದೆ ತುಂಬಿದ ಮೇಲೆ ಕೆಳಗಿನ ಗದ್ದೆಗೆ ನೀರು. ಭದ್ರಾ ನಾಲೆಯ ಕೊನೆ ಭಾಗದ ರೈತರನ್ನು ಒಮ್ಮೆ ಕೇಳಿ ನೋಡಿ, ನೀರು ತಾನಾಗಿಯೇ ಕೊನೆಗೆ ಬರುತ್ತದಾ ಅಂತ. 2024ರ ಜನವರಿಯಲ್ಲಿ ಅಮೆರಿಕದಲ್ಲಿ ಬಿಟ್‌ಕಾಯಿನ್ ಇಟಿಎಫ್‌ಗಳಿಗೆ, ಅಂದರೆ ಬಿಟ್‌ಕಾಯಿನ್ ಹಿಡಿದುಕೊಂಡು ಶೇರಿನ ಹಾಗೆ ಮಾರಾಟವಾಗುವ ಫಂಡ್‌ಗಳಿಗೆ, ಒಪ್ಪಿಗೆ ಸಿಕ್ಕಿತು. ಆ ದಾರಿಯಲ್ಲಿ ಬಂದ ಹಣ ಇರುವುದು ಶೇರು ಖಾತೆಯಲ್ಲಿ. ಅದನ್ನು ಹಾಕಿದವನು ರಾತ್ರಿ ಎದ್ದು ಆ ಖಾತೆಯಿಂದ ಮೀಮ್ ಕಾಯಿನ್‌ಗೆ ಸ್ವಾಪ್ ಮಾಡಲಾರ. ತುಂಬಾ ಜನಕ್ಕೆ ಮಾಡುವ ಆಸೆಯೂ ಇಲ್ಲ. ಮೇಲೆ ತೂಬು ಮುಚ್ಚಿದೆ. ಕೆಳಗೆ ಗದ್ದೆಗಳೋ ಲಕ್ಷಗಟ್ಟಲೆ, ದಿನ ಬೆಳಗಾದರೆ ಹೊಸ ಕಾಯಿನ್. ಇದ್ದಷ್ಟು ನೀರನ್ನು ಎಷ್ಟು ಗದ್ದೆಗೆ ಹಂಚುತ್ತೀರಿ?

ಆದ್ದರಿಂದ ನನ್ನ ಕೋರಿಕೆಗಳು. ಚಾನೆಲ್ ಮುಚ್ಚಿ ಅಂತ ಕೇಳುತ್ತಿಲ್ಲ. ಕನ್ನಡದಲ್ಲಿ ಈ ವಿಷಯ ಹೇಳುವವರು ಬೇಕು. ಇಂಗ್ಲಿಷ್ ವಿಡಿಯೊ ಅರ್ಧಂಬರ್ಧ ಅರ್ಥ ಮಾಡಿಕೊಂಡು ದುಡ್ಡು ಹಾಕುವುದಕ್ಕಿಂತ ಎಷ್ಟೋ ಮೇಲು.

ಎಲ್ಲಕ್ಕಿಂತ ಮೊದಲು, 'ಬಿಟ್‌ಕಾಯಿನ್‌ನಿಂದ ಆಲ್ಟ್‌ಕಾಯಿನ್‌ಗೆ ಹೋಗಿ' ಅನ್ನುವ ಪ್ರತಿ ವಿಡಿಯೊದಲ್ಲೂ, ಅದೇ ಉಸಿರಿನಲ್ಲಿ, ಆ ಸ್ವಾಪ್‌ಗೆ ತೆರಿಗೆ ಇದೆ ಅಂತ ಹೇಳಿ. 30 ಪರ್ಸೆಂಟ್, ನಷ್ಟ ಕಳೆಯಲು ಬರುವುದಿಲ್ಲ, ಟಿಡಿಎಸ್ ಕಟ್ಟಾದರೆ ತೆರಿಗೆ ಮುಗಿಯಲಿಲ್ಲ. ಮೂರೇ ಮಾತು, ಹತ್ತು ಸೆಕೆಂಡ್ ಸಾಕು. ನೀವು ಹೊಗಳುವ ಅಮೆರಿಕದ ಯೂಟ್ಯೂಬರ್ ಇದನ್ನು ಹೇಳುವುದಿಲ್ಲ, ಅಲ್ಲಿ ಕಾನೂನು ಬೇರೆ. ಅಲ್ಲಿ ನಷ್ಟವನ್ನು ಲಾಭದಲ್ಲಿ ಕಳೆಯಬಹುದು. ಅವನ ಸ್ಟ್ರಾಟಜಿಯನ್ನು ಹಾಗೇ ಕನ್ನಡಕ್ಕೆ ತಂದರೆ ಇಲ್ಲಿನವನು ಮುಳುಗುತ್ತಾನೆ.

ರೆಫರಲ್ ಲಿಂಕ್ ಹಾಕಿದರೆ ಅದರಿಂದ ನಿಮಗೆ ಕಮಿಷನ್ ಬರುತ್ತದೆ ಅಂತ ಬಾಯಿಬಿಟ್ಟು ಹೇಳಿ. ಜನ ಒಂದೇ ಕಾಯಿನ್ ಹಿಡಿದು ಸುಮ್ಮನೆ ಕೂತರೆ ಎಕ್ಸ್‌ಚೇಂಜ್‌ಗೆ ಫೀ ಇಲ್ಲ, ನಿಮಗೆ ಕಮಿಷನ್ ಇಲ್ಲ. ಅದಲಿಬದಲಿ ಮಾಡುತ್ತಿದ್ದರೆ ಮಾತ್ರ ಇಬ್ಬರಿಗೂ ಇದೆ. ಆಲ್ಟ್ ಸೀಸನ್ ಇಷ್ಟು ಸಲ 'ಬಾಗಿಲಿಗೆ' ಬರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ. ತಪ್ಪಿದ್ದರೆ ತಿದ್ದಿ. ದುಡ್ಡು ತೆಗೆದುಕೊಂಡು ಮಾಡುವ ವಿಡಿಯೊ ಆದರೆ, ಜಾಹೀರಾತುಗಳ ಮಾನದಂಡ ನೋಡುವ ಆಸ್ಕಿ ಸಂಸ್ಥೆಯ ನಿಯಮ 2022ರ ಏಪ್ರಿಲ್‌ನಿಂದಲೇ ಇದೆ: ಕ್ರಿಪ್ಟೊಗೆ ನಿಯಂತ್ರಣ ಇಲ್ಲ, ಅಪಾಯ ಜಾಸ್ತಿ, ನಷ್ಟವಾದರೆ ಕಾನೂನಿನ ಆಸರೆ ಸಿಗದಿರಬಹುದು ಅಂತ ಎಚ್ಚರಿಕೆ ಕೊಡಲೇಬೇಕು. ಕೆಲವರು ಕೊಡುತ್ತೀರಿ. ಅದನ್ನು ಓದುವ ವೇಗ ನೋಡಿದರೆ ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟೇ ವಾಸಿ.

ಚಾರ್ಟ್ ತೋರಿಸುವುದಾದರೆ ಡಾಲರ್ ಕಾಯಿನ್‌ಗಳನ್ನು ತೆಗೆದರೆ ಗೆರೆ ಹೇಗಿರುತ್ತದೆ ಅಂತಲೂ ಒಮ್ಮೆ ತೋರಿಸಿ. ಹಿಂದಿನ ಸಲ ಪಾಲು ಕಸಿದುಕೊಂಡ ಕಾಯಿನ್‌ಗಳು ಈಗ ಎಲ್ಲಿವೆ ಅಂತ ಪಕ್ಕದಲ್ಲೇ ಒಂದು ಪಟ್ಟಿ ಹಾಕಿ. ಹಳೇ ವಿಡಿಯೊಗಳನ್ನು ಅಳಿಸಬೇಡಿ. ಹುಡುಗ ನನಗೆ ತೋರಿಸಿದ ಆ ವಿಡಿಯೊ ಮುಂದಿನ ವಾರ ನೋಡಿದರೆ ಇರಲಿಲ್ಲ. ಅದರ ಜಾಗದಲ್ಲಿ ಅದೇ ಮುಖ, ಅದೇ ಬಾಯಿ ಬಿಟ್ಟ ಫೋಟೊ, ಈ ಸಲ 'ಬಾಟಮ್ ಸಿಕ್ಕಿತು' ಅಂತ ಬರೆದಿತ್ತು.

ನಿಮ್ಮಲ್ಲಿ ಯಾರಾದರೂ ತೆರಿಗೆ ಬಗ್ಗೆ ಒಂದು ಸರಿಯಾದ ವಿಡಿಯೊ ಮಾಡುವುದಾದರೆ ನನ್ನ ಸಮಯ ಕೊಡಲು ತಯಾರಿದ್ದೇನೆ, ದುಡ್ಡು ಬೇಡ. ಹುಡುಗನ ಹತ್ತಿರ ಕೇಳಿದ್ದೇನೆ. ಹೆಸರು ಅಳಿಸಿ ಆ ಲೆಕ್ಕದ ಕಾಗದವನ್ನು ತೋರಿಸಬಹುದು ಅಂದಿದ್ದಾನೆ. ಜುಲೈ ತಿಂಗಳೊಂದು ಬಿಟ್ಟು ಯಾವಾಗ ಬೇಕಾದರೂ ಬನ್ನಿ. ಜುಲೈನಲ್ಲಿ ನನಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ.

ಇಂತಿ,
ನಿಮ್ಮ ವಿಡಿಯೊಗಳನ್ನು ಗಿರಾಕಿಗಳ ಮೊಬೈಲ್‌ನಲ್ಲಿ ನೋಡುವ
ಒಬ್ಬ ತೆರಿಗೆ ಸಲಹೆಗಾರ,
ಶಿವಮೊಗ್ಗ